ಕೊಯ್ದ ಕಿವಿ

ನನಗೆ ಹುಟ್ಟಿನಿಂದಲೂ ಅನುಮಾನದ ಬುದ್ಧಿ. ಹೊಳಲ್ಕೆರೆಯ ನಮ್ಮ ಮನೆಗೆ ಹಾಲು ಹಾಕುವವಳು ಚೊಂಬು ಕೆಳಗಿಡುವ ಮೊದಲೇ ನಾನು ಬೆರಳದ್ದಿ ನೋಡುತ್ತಿದ್ದೆನಂತೆ, ನೀರು ಎಷ್ಟು ಬೆರೆಸಿದ್ದಾಳೆ ಅಂತ. ‘ಇವಳು ಹಗ್ಗ ಕಂಡ್ರೂ ಹಾವು ಅಂತಾಳೆ, ಹಾವು ಕಂಡ್ರೆ ಅದರ ಹಿಂದೆ ಇನ್ನೊಂದು ಐತೆ ಅಂತಾಳೆ’ ಎಂದು ಅಮ್ಮ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಅಂಥವಳು ನರ್ಸಿಂಗ್ ಓದಿ ಸೇರಿದ್ದು ಆಂಬುಲೆನ್ಸಿಗೆ. ಇದ್ದ ಬುದ್ಧಿಗೆ ಗೊಬ್ಬರ ಹಾಕಿದ ಹಾಗಾಯಿತು.

ಆಂಬುಲೆನ್ಸಿನವರಿಗೆ ಜನ ನಿಜ ಹೇಳುವುದಿಲ್ಲ. ಕುಡಿದು ಬೈಕಿನಿಂದ ಬಿದ್ದವನು ನಾಯಿ ಅಡ್ಡ ಬಂತು ಅನ್ನುತ್ತಾನೆ. ಗಿಡಕ್ಕೆ ಹೊಡೆಯುವ ಔಷಧಿ ಕುಡಿದವಳನ್ನು ಎತ್ತಿ ತಂದವರು ಹೊಟ್ಟೆನೋವು ಅನ್ನುತ್ತಾರೆ. ಸೇರಿದ ಮೊದಲ ವರ್ಷ ಹಿರಿಯೂರು ಕಡೆಯ ಒಂದು ಊರಿಂದ ಕೈ ಮುರಿದ ಹೆಂಗಸೊಬ್ಬಳನ್ನು ಕರೆತಂದಿದ್ದೆ. ಬಾವಿ ಮೆಟ್ಟಿಲಲ್ಲಿ ಜಾರಿದಳು ಅಂದ ಗಂಡ. ದಾರಿಯುದ್ದಕ್ಕೂ ತಲೆ ನೇವರಿಸುತ್ತ, ಸೆರಗು ಸರಿಮಾಡುತ್ತ ಕೂತಿದ್ದ. ಇಂಥ ಗಂಡ ಸಿಗಬೇಕು ಕಣಮ್ಮ ಅಂತ ನಾನೇ ಅವಳಿಗೆ ತಮಾಷೆ ಮಾಡಿದ್ದೆ. ತಿಂಗಳೊಳಗೆ ಅದೇ ಮನೆಗೆ ಎರಡನೇ ಸಲ ಹೋದಾಗ ಅವಳಿಗೆ ನಮ್ಮ ಸ್ಟ್ರೆಚರ್ ಬೇಕಾಗಿರಲಿಲ್ಲ. ಅವತ್ತಿನಿಂದ ನಾನು ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದ್ದಿಲ್ಲ. ಗಾಯ ನೋಡುವ ಮೊದಲು ಗಾಯಾಳುವಿನ ಪಕ್ಕ ನಿಂತವರ ಮುಖ ನೋಡುವುದು ಅಭ್ಯಾಸವಾಯಿತು. ಅದನ್ನು ದೊಡ್ಡ ಜಾಣತನ ಅಂದುಕೊಂಡಿದ್ದೆ.

ಈಗ ಹೇಳುವುದು ಹೊಸದುರ್ಗ ತಾಲ್ಲೂಕಿನಲ್ಲಿ ನಡೆದದ್ದು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ಬಂದು ಕೆಲವು ವರ್ಷವಾಗಿತ್ತು. ನಮ್ಮ ವಾಹನ ಶ್ರೀರಾಂಪುರದಲ್ಲಿ ನಿಲ್ಲುತ್ತಿತ್ತು. ಜೊತೆಗೆ ಒಬ್ಬ ಡ್ರೈವರ್, ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಆ ಸುತ್ತಿನ ಯಾರ ಮನೆಯಲ್ಲಿ ಏನು ಜಗಳ ಅಂತ ಎಲ್ಲ ಬಲ್ಲವರು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕರೆ ಬಂತು. ಗುಡ್ಡದ ಮೇಲೆ ಕುರಿ ಕಾಯುವ ಮುದುಕ ಬಂಡೆಯಿಂದ ಬಿದ್ದಿದ್ದಾನೆ, ಮಾತಾಡುತ್ತಿಲ್ಲ. ಡ್ರೈವರಿಗೆ ಅಷ್ಟೇ ಸಾಕಾಯಿತು. ಯಾವ ಮುದುಕ ಅಂತ ಗೊತ್ತಾಯ್ತು ಮೇಡಂ ಅಂದರು. ಹೆಂಡತಿ ಸತ್ತ ಮೇಲೆ ಅಕ್ಕನ ಮಗನನ್ನು ಜೊತೆಗಿಟ್ಟುಕೊಂಡು ಕುರಿ ಮೇಯಿಸುತ್ತಾನೆ, ಮಾವ ಅಳಿಯನಿಗೆ ಕುರಿ ಪಾಲಾಗುವ ವಿಷಯಕ್ಕೆ ಸರಿಯಿಲ್ಲವಂತೆ. ಕಿವಿಯಿಂದ ಒಳಗೆ ಹೋದ ಆ ಮಾತು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿತು.

ಗಾಳಿಯಂತ್ರಕ್ಕೆಂದು ಮಾಡಿದ ಮಣ್ಣಿನ ರಸ್ತೆ ಅರ್ಧ ಗುಡ್ಡದವರೆಗೆ ಇತ್ತು. ಆಮೇಲೆ ಕಾಲುದಾರಿ, ಬರೀ ಕಲ್ಲು, ಕಾರೆ ಮುಳ್ಳು. ನಮ್ಮ ಗಾಲಿ ಸ್ಟ್ರೆಚರ್ ಅಲ್ಲಿ ಒಂದು ಮಾರು ಹೋಗುವುದಿಲ್ಲ. ಬಿದ್ದವನು ಅಂದಿದ್ದರಲ್ಲ, ಬೆನ್ನಿಗೆ ಕಟ್ಟುವ ಹಲಗೆ, ಕತ್ತಿನ ಪಟ್ಟಿ, ಬ್ಯಾಂಡೇಜು ಎತ್ತಿಕೊಂಡೆ. ಸಕ್ಕರೆ ಪರೀಕ್ಷೆಯ ಮೀಟರು, ಇಂಜೆಕ್ಷನ್ನುಗಳು ಇದ್ದ ಇನ್ನೊಂದು ಪೆಟ್ಟಿಗೆ ಭಾರ ಅಂತ ವಾಹನದಲ್ಲೇ ಬಿಟ್ಟೆ. ನಿಯಮದ ಪ್ರಕಾರ ಎರಡೂ ಒಯ್ಯಬೇಕು. ಆ ಏರಿನಲ್ಲಿ ನಿಯಮ ಬರೆದವರು ಬಂದು ಹೊರಲಿ ಅಂತ ಬೈದುಕೊಂಡೇ ಹತ್ತಿದೆ.

ಮೇಲೆ ಒಂದು ಹಾಸುಬಂಡೆ. ಅದರ ನೆರಳಲ್ಲಿ ಕರಿ ಕಂಬಳಿ ಹಾಸಿ ಮುದುಕನನ್ನು ಮಲಗಿಸಿದ್ದರು. ಸುತ್ತ ಮೂವರು ಗಂಡಸರು, ದೂರದಲ್ಲಿ ಕುರಿ. ಒಂದು ನಾಯಿ ನಮ್ಮನ್ನು ಹತ್ತಿರ ಬಿಡಲೇ ಇಲ್ಲ. ಅವರಲ್ಲೊಬ್ಬ ಗದರಿದ ಮೇಲೆ ಸರಿಯಿತು, ಆದರೂ ಗುರುಗುಟ್ಟುವುದು ನಿಲ್ಲಿಸಲಿಲ್ಲ. ಮುದುಕ ಉಸಿರಾಡುತ್ತಿದ್ದ. ಕೂಗಿದರೆ, ಚಿವುಟಿದರೆ ಬರೀ ನರಳುತ್ತಿದ್ದ. ಮೈಯೆಲ್ಲ ತಣ್ಣಗೆ ಬೆವೆತು ಅಂಗಿ ಅಂಟಿಕೊಂಡಿತ್ತು. ಹಣೆಯ ಮೇಲೆ ತರಚಿದ ಗಾಯ, ಅಂಥದ್ದೇನಲ್ಲ. ಕತ್ತಿಗೆ ಪಟ್ಟಿ ಕಟ್ಟಲು ತಲೆ ಹಿಡಿದಾಗ ಬಲಗಿವಿ ಕಂಡಿತು. ಕಿವಿಯ ಅಂಚು ಕೊಯ್ದಿತ್ತು. ಕಲ್ಲಿಗೆ ತಾಗಿ ಹರಿದ ಗಾಯವಲ್ಲ, ಚೂಪಾದ ಚಾಕುವಿನಲ್ಲಿ ನೀಟಾಗಿ ಕೊಯ್ದದ್ದು. ರಕ್ತ ಕತ್ತಿಗಿಳಿದು ಹೆಪ್ಪುಗಟ್ಟಿತ್ತು. ಎಡಗಿವಿಯಲ್ಲಿ ಚಿನ್ನದ ಒಂಟಿ ಹೊಳೆಯುತ್ತಿತ್ತು. ಬಲಗಿವಿಯ ಒಂಟಿ ಇರಲಿಲ್ಲ.

ತಲೆ ಎತ್ತಿ ನೋಡಿದೆ. ಮೂವರಲ್ಲಿ ಒಬ್ಬನ ಬೆರಳ ಸಂದಿಯಲ್ಲಿ ಒಣಗಿದ ರಕ್ತ, ಸೊಂಟದಲ್ಲಿ ಸಣ್ಣ ಚಾಕು. ವಯಸ್ಸು ಮೂವತ್ತರ ಮೇಲೆ. ಅವನೇ ಅಳಿಯ. ಇದ್ಯಾರು ಮಾಡಿದ್ದು ಅಂತ ಕೇಳಿದೆ. ಅವನು ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ಉಳಿದಿಬ್ಬರು ನೆಲ ನೋಡಿದರು. ಒಂಟಿ ಎಲ್ಲಿ ಅಂದೆ. ಐತೆ ಅಂದ, ಎಲ್ಲಿ ಅಂತ ಹೇಳಲಿಲ್ಲ. ಅವರಲ್ಲಿ ಹಿರಿಯನೊಬ್ಬ ಮಾತು ತಿರುಗಿಸಿ, ಮೊದ್ಲು ಕರ್ಕಂಡು ಹೋಗ್ರಿ ತಾಯಿ, ಆಮೇಲೆ ಕೇಳುವಿರಂತೆ ಅಂದ. ನನಗೆ ಇನ್ನೂ ಅನುಮಾನಕ್ಕಿಟ್ಟುಕೊಂಡಿತು. ನಾನು ಮೊಬೈಲ್ ತೆಗೆದು ಆ ಕಿವಿಯ ಫೋಟೋ ಹಿಡಿದೆ. ಅವರ ಮುಖ ಮುಚ್ಚಿದ ಬಾಗಿಲಿನಂತಾಯಿತು. ಅಲ್ಲಿಂದಾಚೆ ಅವರು ನನ್ನನ್ನು, ನಾನು ಅವರನ್ನು, ಒಬ್ಬರನ್ನೊಬ್ಬರು ಕಳ್ಳರನ್ನು ಕಾಯುವ ಹಾಗೆ ಕಾಯುತ್ತಲೇ ಇದ್ದೆವು.

ಇಳಿಸುವುದಕ್ಕೂ ಜಗಳವೇ. ನಾವು ತಂದ ಹಲಗೆಗೆ ಕಟ್ಟಿ ನಾಲ್ಕು ಜನ ನಾಲ್ಕು ಮೂಲೆ ಹಿಡಿಯಬೇಕು ಅಂದೆ. ಆ ದಾರಿಯಲ್ಲಿ ನಾಲ್ಕು ಜನ ಅಕ್ಕಪಕ್ಕ ನಡೆಯಲು ಜಾಗವಿಲ್ಲ ಅಂದ ಅಳಿಯ. ಬಿದಿರ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ ಮುಂದೊಬ್ಬ ಹಿಂದೊಬ್ಬ ಹೊರುವುದು ಅವರ ಪದ್ಧತಿ. ಕಾಲು ಮುರಿದ ಕುರಿಯಿಂದ ಹಿಡಿದು ಹೆರಿಗೆ ನೋವಿನ ಹೆಂಗಸಿನವರೆಗೆ ಹಾಗೇ ಇಳಿಸಿದ್ದಾರೆ. ಕತ್ತಿಗೆ ಪೆಟ್ಟಾದವನನ್ನು ಜೋಲಿಯಲ್ಲಿ ಮಡಚಿದರೆ ಸಾಯುತ್ತಾನೆ ಅಂತ ರೇಗಿದೆ. ಕೊನೆಗೆ ಹಲಗೆಗೆ ಕಟ್ಟಿ, ಹಲಗೆ ಸಮೇತ ಎರಡು ಗಳಗಳ ನಡುವೆ ಕಂಬಳಿಯಲ್ಲಿ ಬಿಗಿದರು. ಆ ಗಂಟುಗಳನ್ನು ಅಳಿಯನೇ ಹಾಕಿದ. ಎಷ್ಟು ಚೆನ್ನಾಗಿ ಹಾಕಿದ ಅಂದರೆ ಇಡೀ ಇಳಿಜಾರಿನಲ್ಲಿ ಮುದುಕನ ತಲೆ ಒಂದು ಬೆರಳಗಲ ಅಲುಗಲಿಲ್ಲ. ನಾನು ಅದನ್ನು ಮೆಚ್ಚಲಿಲ್ಲ. ಅವನ ಕೈಯನ್ನೇ ನೋಡುತ್ತ ಪಕ್ಕದಲ್ಲಿ ನಡೆದೆ, ಎಲ್ಲಾದರೂ ಬೇಕಂತಲೇ ಎಡವುತ್ತಾನೇನೋ ಅಂತ. ಅವನೋ ಬರಿಗಾಲಲ್ಲಿ ಮುಳ್ಳು ತುಳಿದರೂ ನಿಲ್ಲದೆ ಇಳಿದ.

ಗಾಳಿಯಂತ್ರದ ರಸ್ತೆ ಸಿಕ್ಕಲ್ಲಿ ಮೊಬೈಲಿಗೆ ಸಿಗ್ನಲ್ ಬಂತು. ಡ್ರೈವರು ನನ್ನ ಕಿವಿಯಲ್ಲಿ, ಇದು ಬಿದ್ದದ್ದಲ್ಲ ಮೇಡಂ, ಬೀಳಿಸಿದ್ದು ಅಂದರು. ನನಗೆ ಬೇಕಾಗಿದ್ದೂ ಅದೇ ಮಾತು. ನಿಮ್ಮ ಪರಿಚಯದ ಪೊಲೀಸಿನವರಿಗೆ ಹೇಳಿ, ಆಸ್ಪತ್ರೆ ಹತ್ತಿರ ಇರಲಿ ಅಂದೆ. ಅವರು ಫೋನು ಮಾಡಿದರು. ಗಳ ಹೊತ್ತು ನಿಂತಿದ್ದ ಅಳಿಯನಿಗೆ ಕೇಳಿಸಿತು. ಅವನು ಓಡಿಹೋಗುತ್ತಾನೆ ಅಂತ ಕಾದೆ, ಓಡಲಿಲ್ಲ. ಇದ್ಯಾವ ಸೀಮೆ ಗಟ್ಟಿಗ ಅನ್ನಿಸಿತು.

ರೋಗಿಯ ಜೊತೆ ಮನೆಯವರೊಬ್ಬರು ಬರಬೇಕು. ಹಿರಿಯ ಬರಲಿ ಅಂದೆ. ಹಿರಿಯ ಕುರಿ ನೋಡಿಕೊಳ್ಳಬೇಕು ಅಂತ ಹಿಂದೆ ಸರಿದ, ಅಳಿಯನೇ ಹತ್ತಿದ. ವಾಹನ ಹೊರಟಿತು. ನಾನು ಆಕ್ಸಿಜನ್ ಹಾಕಿ, ಬಿಪಿ ನೋಡಿ, ಹಾಳೆ ಬರೆಯುವ ಹಲಗೆ ತೊಡೆಯ ಮೇಲಿಟ್ಟುಕೊಂಡು ವಕೀಲಿ ಶುರುಮಾಡಿದೆ. ಎಷ್ಟು ಹೊತ್ತಿಗೆ ಬಿದ್ದ? ಬಿದ್ದಾಗ ನೀನೆಲ್ಲಿದ್ದೆ? ಬೇರೆ ಯಾರು ನೋಡಿದರು? ಜಗಳ ಆಗಿತ್ತಾ? ಚಾಕು ಯಾರದು? ಅವನು ಹೂಂ, ಉಹೂಂ ಅಷ್ಟೇ. ಮುದುಕನ ಬೆವರು ನಿಂತಿರಲಿಲ್ಲ. ತಲೆಗೆ ಬಿದ್ದ ಪೆಟ್ಟಿಗೆ ಹೀಗಾಗಿದೆ ಅಂತಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಹಾಳೆಯಲ್ಲಿ ಹಲ್ಲೆ ಎಂದು ಬರೆದೂ ಆಗಿತ್ತು. ಊರು ಇನ್ನೂ ದೂರವಿತ್ತು. ಮುದುಕನ ಕೈ ಒಂದು ಸಲ ಸೆಟೆದುಕೊಂಡು ನಡುಗಿತು. ನಾನು ಗಾಬರಿಯಾಗಿ ಕೈ ಹಿಡಿದುಕೊಂಡೆ. ಆಗ ಅಳಿಯ ಬಾಯಿ ಬಿಟ್ಟ.

‘ಬೆಳಗ್ಗೆನೂ ಹಿಂಗೇ ನಡುಗ್ತಿದ್ದ ಅಕ್ಕಾ. ಬೀಳಾಕೆ ಮುಂಚೇನೇ.’

ಮುಂಚೆಯೇ ಅಂದರೆ ಏನು ಅಂದೆ. ಆಗ ಮಾತು ಕಟ್ಟೆ ಒಡೆದು ಬಂತು. ಮುದುಕ ಹೊತ್ತೇರುವಷ್ಟರಲ್ಲಿ ತೂರಾಡತೊಡಗಿದ್ದ. ಕುಡಿಯದವನು ಕುಡಿದವನಂತೆ ತೊದಲಿದ, ಕುರಿಗಳ ಲೆಕ್ಕ ತಪ್ಪಿದ, ಅಳಿಯನನ್ನೇ ಯಾರೋ ನೀನು ಅಂದ. ಬಾಯಲ್ಲಿ ಜೊಲ್ಲು ಬಂತು. ಆಮೇಲೆ ಕೂತಲ್ಲಿಂದಲೇ ಉರುಳಿ ಹಣೆ ತರಚಿಕೊಂಡ. ಕೊಯ್ದ ಜೋಳದ ಬುಡದಲ್ಲಿ ಮತ್ತೆ ಚಿಗುರುವ ಎಳೆ ಕುಡಿ ತಿಂದ ಕುರಿಯೂ ಹೀಗೇ ತೂರಾಡಿ, ಜೊಲ್ಲು ಸುರಿಸಿ ಬೀಳುತ್ತದಂತೆ. ಆಗ ಕುರಿಯವರು ಕಿವಿ ಕೊಯ್ದು ಕೆಟ್ಟ ರಕ್ತ ಬಿಡುತ್ತಾರೆ.

‘ಕುರಿ ಆದ್ರೆ ಎದ್ದು ನಿಲ್ತಾವೆ. ನಮ್ ಮಾವನೂ ಎದ್ದಾನು ಅಂತ ನಾನೇ ಕೊಯ್ದೆ. ಒಂಟಿ ಅಡ್ಡ ಬಂತು, ಬಿಚ್ಚಿ ಅವನ ಎಲೆಡಿಕೆ ಚೀಲದಾಗೇ ಹಾಕೀನಿ, ನೋಡ್ರಿ. ದಡ್ಡ ಅಂತ ಬೈತೀರ ಅಂತ ಹೇಳ್ಲಿಲ್ಲ.’

ನಾನು ಚೀಲ ನೋಡಲಿಲ್ಲ. ಬಿಟ್ಟುಹೋಗಿದ್ದ ಪೆಟ್ಟಿಗೆ ಎಳೆದುಕೊಂಡು, ಏನಾದರೂ ಮಾತ್ರೆ ತಗೋತಾರಾ ಅಂದೆ. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಒಂದು ನುಂಗುತ್ತಾನೆ ಅಂದ. ಬೆಳಿಗ್ಗೆ ಏನು ತಿಂದರು ಅಂದೆ. ಏನೂ ಇಲ್ಲ, ಭಾನುವಾರ ಮನೆದೇವರ ವಾರ, ಒಪ್ಪತ್ತು. ಸಂಜೆ ಒಂದೇ ಊಟ. ಮಾತ್ರೆ ಮಾತ್ರ ತಪ್ಪಿಸುವುದಿಲ್ಲ. ಬೆರಳಿಗೆ ಚುಚ್ಚಿ ಮೀಟರಿಗೆ ರಕ್ತ ಹಚ್ಚಿದೆ. ಅದು ಅಂಕಿ ತೋರಿಸಲೇ ಇಲ್ಲ, ತೋರಿಸಲಾರದಷ್ಟು ಕಮ್ಮಿ ಇದೆ ಎಂದಿತು. ಡಾಕ್ಟರಿಗೆ ಫೋನು ಹಚ್ಚಿದೆ, ಅವರು ಹೇಳುವ ಹೊತ್ತಿಗೆ ನರ ಹುಡುಕಿಯಾಗಿತ್ತು. ಅಳಿಯ ಮುದುಕನ ತೋಳನ್ನು ಕುರಿಯ ಕಾಲು ಹಿಡಿದಂತೆ ಅಲುಗದ ಹಾಗೆ ಹಿಡಿದುಕೊಂಡ. ಗ್ಲೂಕೋಸು ಒಳಗೆ ಹೋಯಿತು.

ಮುದುಕ ಕಣ್ಣು ಬಿಟ್ಟ. ಈ ಕೆಲಸದಲ್ಲಿ ಸತ್ತಂತಿದ್ದವನು ಎದ್ದು ಕೂರುವುದು ಇದೊಂದೇ ಕಾಯಿಲೆಯಲ್ಲಿ ಇಷ್ಟು ಬೇಗ. ವಾಹನದ ಚಾವಣಿ ನೋಡಿದ, ನನ್ನನ್ನು ನೋಡಿದ, ಅಳಿಯನನ್ನು ನೋಡಿ, ‘ಲೇ, ಕುರಿ ಯಾರ್ ತಾವ ಬಿಟ್ಟು ಬಂದೆ?’ ಅಂದ. ಅಳಿಯ ನಕ್ಕ, ನಗುತ್ತಲೇ ಟವೆಲಿನಿಂದ ಮುಖ ಒರೆಸಿಕೊಂಡ. ಒಂದು ಗಂಟೆ ಮೇಲಾಗಿತ್ತು ನಾನು ಆ ಬಂಡೆ ಹತ್ತಿ. ಆ ಒಂದು ಗಂಟೆ ಆ ತಲೆಗೆ ಸಕ್ಕರೆ ಇಲ್ಲದೆ ಹೋಗಿತ್ತು. ಯಾರು ಕೊಯ್ದದ್ದು ಅಂತ ಹತ್ತು ಸಲ ಕೇಳಿದ್ದೆ, ಯಾಕೆ ಅಂತ ಒಂದು ಸಲವೂ ಕೇಳಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಪೊಲೀಸಿನವರು ನಿಂತಿದ್ದರು. ನಾನು ಇಳಿದು, ಹಾಗಲ್ಲ ಸರ್, ಸಕ್ಕರೆ ಕಮ್ಮಿಯಾಗಿ ಬಿದ್ದಿದ್ದಾರೆ ಅಂದೆ. ಅವರು, ನೀವೇ ಅಲ್ವಾ ಹೇಳಿ ಕಳಿಸಿದ್ದು ಅಂದರು. ನನ್ನ ಹಾಳೆಯಲ್ಲಿ ಹಲ್ಲೆ ಎಂದಿತ್ತು, ಮೇಲೆ ಗೆರೆ ಎಳೆದಿದ್ದೆ. ಗೆರೆ ಎಳೆದದ್ದೇ ಅವರಿಗೆ ಹೆಚ್ಚು ಕುತೂಹಲವಾಯಿತು. ಫೋಟೋ ಕೇಳಿದರು, ತೋರಿಸಿದೆ. ಚಾಕುವಿನ ಗಾಯ ಚಾಕುವಿನ ಗಾಯವೇ, ಬಂದು ಹೇಳಿಕೆ ಕೊಡಲಿ ಅಂತ ಅಳಿಯನನ್ನು ಕರೆದುಕೊಂಡು ಹೊರಟರು. ಅಷ್ಟರಲ್ಲಿ ನಮಗೆ ಇನ್ನೊಂದು ಕರೆ ಬಂತು, ಹೆರಿಗೆ ಕೇಸು. ನಾನು ಹೋದೆ. ಹೋಗಬೇಕಾಗಿತ್ತು, ನಿಜ. ಆದರೆ ಸಂಜೆ ಡ್ಯೂಟಿ ಮುಗಿದ ಮೇಲೆ ಠಾಣೆಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಮುಖ ತೋರಿಸಲು ನಾಚಿಕೆಯಾಯಿತು. ಬೆಳಿಗ್ಗೆ ಹೋದರಾಯಿತು ಅಂದುಕೊಂಡೆ. ಬೆಳಿಗ್ಗೆ ಮತ್ತೊಂದು ನೆಪ ಸಿಕ್ಕಿತು. ಮಾವ ಹಾಸಿಗೆಯಿಂದಲೇ, ಅವನು ನನ್ನ ಮಗ ಇದ್ದಂಗೆ ಅಂತ ಕಂಡಕಂಡವರ ಕೈ ಹಿಡಿದು ಹೇಳುತ್ತಿದ್ದನಂತೆ. ಅಳಿಯ ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂತಿದ್ದ.

ಮೂರನೇ ದಿನ ಬೇರೆ ರೋಗಿಯನ್ನು ಬಿಡಲು ಹೋದಾಗ ವಾರ್ಡಿನಲ್ಲಿ ಇಬ್ಬರೂ ಸಿಕ್ಕರು. ಮುದುಕನ ಎರಡೂ ಕಿವಿಯಲ್ಲಿ ಒಂಟಿ ಇದ್ದವು, ಬಲಗಿವಿಯ ಮೇಲಂಚಿಗೆ ಹೊಲಿಗೆ. ತಪ್ಪಾಯ್ತಪ್ಪ ಅನ್ನಬೇಕಿತ್ತು. ಅದರ ಬದಲು ಪಾಠ ಹೇಳಿದೆ. ಊಟ ಮಾಡದ ದಿನ ಮಾತ್ರೆ ನುಂಗಬಾರದು. ಜೇಬಿನಲ್ಲಿ ಯಾವಾಗಲೂ ಒಂದು ಚೂರು ಬೆಲ್ಲ ಇರಲಿ. ತೂರಾಡಿದರೆ, ತೊದಲಿದರೆ, ಎಚ್ಚರ ಇರುವಾಗಲೇ ಬಾಯಿಗೆ ಹಾಕು. ಅಳಿಯ ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದ. ಬೆಲ್ಲದಿಂದ ಎದ್ದು ಕೂತರೂ ಆ ಮಾತ್ರೆಯ ಶಕ್ತಿ ಹೊಟ್ಟೆಯಲ್ಲಿ ದಿನವಿಡೀ ಇರುತ್ತದೆ, ಮತ್ತೆ ಬೀಳಬಹುದು, ಆಂಬುಲೆನ್ಸಿಗೆ ಫೋನು ಮಾಡಲೇಬೇಕು ಅಂತಲೂ ಹೇಳಿದೆ. ಅದೊಂದನ್ನು ಅವನು ತಿರುಗಿ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಡ್ರೈವರು ಹೊರಗೆ ಬಂದ ಮೇಲೆ, ಕುರಿ ಕಿವಿ ಕೊಯ್ಯೋದು ನಂಗೂ ಗೊತ್ತಿತ್ತು ಮೇಡಂ, ಮನುಷ್ಯರಿಗೂ ಕೊಯ್ತಾರೆ ಅಂತ ಯಾರಿಗೆ ಹೊಳೀತದೆ ಅಂದರು. ಅವರ ಮೇಲೆ ಸಿಟ್ಟು ಬಂತು. ಯಾರ ಮೇಲಾದರೂ ಬರಬೇಕಿತ್ತಲ್ಲ.

ಏಳೆಂಟು ತಿಂಗಳು ಕಳೆದಿರಬೇಕು. ರಜೆಗೆ ಹೊಳಲ್ಕೆರೆಗೆ ಬಂದಿದ್ದೆ. ಗೊಬ್ಬರಕ್ಕಾಗಿ ತೋಟದವರು ಕುರಿ ಮಂದೆ ನಿಲ್ಲಿಸಿಕೊಳ್ಳುವ ಕಾಲ. ಸಂತೆಯಿಂದ ತರಕಾರಿ ಹಿಡಿದು ಬರುವಾಗ ರಸ್ತೆಯ ತುಂಬ ಕುರಿ ಬಂದವು, ಹಿಂದೆ ಆ ಅಳಿಯ. ನಾಯಿ ನನ್ನನ್ನು ಮೂಸಿ ಸುಮ್ಮನಾಯಿತು. ಅವನು ಒಬ್ಬನೇ ಇದ್ದ. ಅವನ ಕಿವಿಯಲ್ಲಿ ಮಾವನ ಒಂಟಿಗಳಿದ್ದವು. ಸುಳ್ಳು ಯಾಕೆ ಹೇಳಲಿ, ಅಷ್ಟೆಲ್ಲ ಆದ ಮೇಲೂ ಅವು ಕಂಡ ಕೂಡಲೇ ನನ್ನ ಮನಸ್ಸು ಹೋಗಬಾರದ ಕಡೆಗೇ ಹೋಯಿತು.

ನಿನ್ ಮಾವ ಎಲ್ಲಿ ಅಂದೆ.

ಹೋದ ಅಂದ. ಶ್ರೀರಾಂಪುರದ ಆಚೆ ಮಂದೆ ಹಾಕಿದ್ದಾಗ, ಅದೂ ಹೋದ ತಿಂಗಳ ಮೊದಲ ಭಾನುವಾರ. ದೇವರ ವಾರ ಬಿಡಲು ಮುದುಕ ಒಪ್ಪಿರಲಿಲ್ಲ, ಮಾತ್ರೆಯನ್ನೂ ಕದ್ದು ನುಂಗಿದ್ದ. ಮಧ್ಯಾಹ್ನ ತೂರಾಡಿದ. ಅಳಿಯ ಜೇಬಿನಿಂದ ಬೆಲ್ಲ ತೆಗೆದು ಬಾಯಿಗಿಟ್ಟ. ಎದ್ದು ಕೂತು ಕುರಿ ಎಣಿಸಿದ, ಲೆಕ್ಕ ಸರಿಬಂತು, ಎಲ್ಲ ಸರಿಹೋಯಿತು ಅಂದುಕೊಂಡರು. ಹೊತ್ತು ಇಳಿಯುವಾಗ ಮತ್ತೆ ಬಿದ್ದ. ಈ ಸಲ ಬೆಲ್ಲ ಒಳಗಿಳಿಯಲಿಲ್ಲ. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು, ಯಾವ ಗಾಡಿಯೂ ನಿಲ್ಲಿಸಲಿಲ್ಲ, ನಡೆದೇ ಹೊರಟರು. ಆಸ್ಪತ್ರೆ ಕಾಣುವ ಹೊತ್ತಿಗೆ ಕಂಬಳಿ ಭಾರವಾಗಿತ್ತು.

ನಮ್ಮ ವಾಹನ ಶ್ರೀರಾಂಪುರದಲ್ಲೇ ನಿಂತಿತ್ತು ಆವತ್ತು. ನಾನೇ ಡ್ಯೂಟಿಯಲ್ಲಿದ್ದೆ. ಹತ್ತು ನಿಮಿಷದ ದಾರಿ. ನನಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದು, ಫೋನ್ ಇರಲಿಲ್ವೇನಪ್ಪ ನಿನ್ ಹತ್ರ ಅಂತ ಸಂತೆಯ ಜನರೆಲ್ಲ ತಿರುಗಿ ನೋಡುವಂತೆ ಕೇಳಿದೆ.

‘ಇತ್ತಕ್ಕಾ. ನಂಬರು ಒತ್ತೂ ಒತ್ತಿದೆ. ರಿಂಗ್ ಆಗಾಕೆ ಮುಂಚೆ ಕಟ್ ಮಾಡ್ದೆ.’ ಅವನು ಕುರಿಗಳ ಕಡೆ ನೋಡಿದ. ಅವನ ದನಿಯಲ್ಲಿ ಕೋಪವಿರಲಿಲ್ಲ. ‘ಕಿವಿ ಮ್ಯಾಲೆ ಆ ಗುರುತು ಹಂಗೇ ಇತ್ತು. ಇದ್ಯಾರು ಮಾಡಿದ್ದು ಅಂತ ಮತ್ತೆ ಕೇಳ್ತೀರಿ ಅನ್ನಿಸ್ತು.’

ಇಲ್ಲಪ್ಪ, ಕೇಳುತ್ತಿರಲಿಲ್ಲ ಅನ್ನಲು ಬಾಯಿ ತೆರೆದೆ. ನನ್ನ ಬುದ್ಧಿ ನನಗೆ ಗೊತ್ತು. ಕೇಳುತ್ತಿದ್ದೆ.